ಸೆಪ್ಟೆಂಬರ್ 22ರ ಬೆಲೆ: ಒಂದು ತೆರಿಗೆ ದರ ಬದಲಾದರೆ ದೊಡ್ಡ ಕಂಪನಿಯೊಳಗೆ ಏನೇನು ನಡೆಯಬೇಕು

2025ರ ಸೆಪ್ಟೆಂಬರ್ 3ರ ರಾತ್ರಿ ಜಿಎಸ್‌ಟಿ ಮಂಡಳಿಯ 56ನೇ ಸಭೆಯ ತೀರ್ಮಾನ ಹೊರಬಿತ್ತು. ಶೇ 12 ಮತ್ತು ಶೇ 28ರ ಹಂತಗಳು ಹೋಗಿ, ತಂಬಾಕಿನಂಥ ಕೆಲವನ್ನು ಬಿಟ್ಟರೆ, ಹೆಚ್ಚಿನ ಸರಕೆಲ್ಲ ಶೇ 5 ಇಲ್ಲವೇ ಶೇ 18ಕ್ಕೆ ಬಂತು. ಜಾರಿಯ ದಿನ ಸೆಪ್ಟೆಂಬರ್ 22, ಸೋಮವಾರ, ನವರಾತ್ರಿಯ ಮೊದಲ ದಿನ. ನಡುವೆ ಸಿಕ್ಕಿದ್ದು 18 ದಿನ. ಸೋಪು, ಶಾಂಪೂ, ಬಿಸ್ಕತ್ತು ಮಾಡುವ ದೊಡ್ಡ ಕಂಪನಿಯೊಂದು ಅಷ್ಟರಲ್ಲಿ ತೆರಿಗೆ, ಹಣಕಾಸು, ಐಟಿ, ಮಾರಾಟ, ಪ್ಯಾಕೇಜಿಂಗ್, ಡಿಪೋ, ಕಾನೂನು, ಗ್ರಾಹಕ ಸೇವೆ ಇಷ್ಟೂ ವಿಭಾಗಗಳನ್ನು ಒಂದೇ ದಿಕ್ಕಿಗೆ ತಿರುಗಿಸಬೇಕಿತ್ತು. ದಿನಾಂಕ ಸರ್ಕಾರದ್ದು, ಮುಂದೂಡುವ ಮಾತೇ ಇಲ್ಲ. ಹಾಗಾಗಿ ವಿಭಾಗಗಳನ್ನು ಹೊಂದಿಸಿಕೊಂಡು ಬದಲಾವಣೆ ತರುವುದು ಹೇಗೆ ಎಂದು ಯಾರಾದರೂ ಕೇಳಿದರೆ ನಾನು ಈ 18 ದಿನಗಳನ್ನೇ ತೋರಿಸುತ್ತೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇಂಥ ಯೋಜನೆಯನ್ನು ಅಂಗಡಿಯ ಕೌಂಟರ್‌ನಿಂದ ಶುರುಮಾಡಿ ಹೆಡ್ ಆಫೀಸಿನ ಕಡೆಗೆ ಹಿಮ್ಮುಖವಾಗಿ ಬರೆಯಬೇಕು. 22ರ ಬೆಳಿಗ್ಗೆ ಹಾಸನದ ಒಂದು ಕಿರಾಣಿ ಅಂಗಡಿಯಲ್ಲಿ ಗ್ರಾಹಕನಿಗೆ ಹೊಸ ಬೆಲೆಗೆ ಸೋಪು ಸಿಗಬೇಕು. ಅದಕ್ಕೆ ಅಂಗಡಿಯವನ ಕೈಯಲ್ಲಿ ಏನಿರಬೇಕು? ಹೊಸ ದರಪಟ್ಟಿ. ಅದು ಅವನಿಗೆ ಬರಬೇಕಾದರೆ ಡಿಸ್ಟ್ರಿಬ್ಯೂಟರ್‌ಗೆ ಯಾವತ್ತು ಸಿಕ್ಕಿರಬೇಕು? ಸಿಗಬೇಕಾದರೆ ಕಂಪನಿಯಲ್ಲಿ ಬೆಲೆಗೆ ಯಾವತ್ತು ಸಹಿ ಬಿದ್ದಿರಬೇಕು? ಹೀಗೆ ಹಿಂದಕ್ಕೆ ಎಣಿಸುತ್ತ ಬಂದರೆ ಯಾವ ವಿಭಾಗಕ್ಕೆ ನಿಜವಾಗಿ ಎಷ್ಟು ದಿನ ಉಳಿದಿದೆ ಎನ್ನುವುದು ಗೊತ್ತಾಗುತ್ತದೆ. ಬೆಲೆ ನಿಗದಿ ಮಾಡುವವರು 18 ದಿನ ಇದೆ ಎಂದುಕೊಂಡಿರುತ್ತಾರೆ, ಅಸಲಿಗೆ ಅವರಿಗೆ ಇರುವುದು ಒಂದು ವಾರ.

ಸಾಮಾನ್ಯವಾಗಿ ನಡೆಯುವುದು ಬೇರೆಯೇ. ಸುದ್ದಿ ತೆರಿಗೆ ವಿಭಾಗಕ್ಕೆ ಬರುತ್ತದೆ, ಅವರು ಎಚ್‌ಎಸ್‌ಎನ್ ಕೋಡ್‌ಗಳ, ಅಂದರೆ ತೆರಿಗೆಗಾಗಿ ಸರಕುಗಳನ್ನು ವಿಂಗಡಿಸುವ ಸಂಖ್ಯೆಗಳ, ಪಟ್ಟಿ ಮಾಡಿ ಐಟಿಗೆ ಕಳಿಸುತ್ತಾರೆ, ಐಟಿ ಸಿಸ್ಟಂನಲ್ಲಿ ದರ ಬದಲಿಸುತ್ತದೆ, ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಅಷ್ಟರಲ್ಲಿ ಮಾರಾಟದವರು ತಿಂಗಳ ಟಾರ್ಗೆಟ್‌ಗಾಗಿ ಹಳೆಯ ದರದ ಮಾಲನ್ನು ಡಿಸ್ಟ್ರಿಬ್ಯೂಟರ್ ಗೋದಾಮಿಗೆ ತುಂಬಿರುತ್ತಾರೆ. ಎತ್ತು ಏರಿಗೆ, ಕೋಣ ನೀರಿಗೆ. ಇದನ್ನು ತಡೆಯಲು ಒಬ್ಬರೇ ಹೊಣೆಗಾರರು ಬೇಕು. ಅವರು ತೆರಿಗೆಯವರೂ ಆಗಬಾರದು, ಐಟಿಯವರೂ ಆಗಬಾರದು; ಸಪ್ಲೈ ಚೈನ್ ಅಥವಾ ವಾಣಿಜ್ಯ ವಿಭಾಗದಲ್ಲಿ, ಮಾರಾಟದ ಮುಖ್ಯಸ್ಥರಿಗೆ ‘ಈ ವಾರ ಬಿಲ್ ಹಾಕಬೇಡಿ’ ಎಂದು ಹೇಳಿ ಉಳಿಯಬಲ್ಲವರು ಆಗಬೇಕು. ದಿನಕ್ಕೆ ಒಂದು ಸಭೆ, ಅರ್ಧ ಗಂಟೆ, ಪ್ರತಿ ವಿಭಾಗದಿಂದ ತೀರ್ಮಾನ ತೆಗೆದುಕೊಳ್ಳುವ ಅಧಿಕಾರ ಇರುವ ಒಬ್ಬರು. ‘ಕೇಳಿ ಹೇಳುತ್ತೇನೆ’ ಎನ್ನುವವರನ್ನು ಕಳಿಸಿದರೆ ಆ ದಿನ ವ್ಯರ್ಥ.

ಮೊದಲ ಕೆಲಸ ಪಟ್ಟಿ. ಪ್ರತಿ ಎಸ್‌ಕೆಯುಗೆ (ಗಾತ್ರ, ಬಗೆ ಬೇರೆಯಾದ ಒಂದೊಂದು ಐಟಂ) ಎಚ್‌ಎಸ್‌ಎನ್, ಹಳೆಯ ದರ, ಹೊಸ ದರ, ಯಾವ ಅಧಿಸೂಚನೆಯ ಯಾವ ಕ್ರಮಸಂಖ್ಯೆ, ಯಾರು ಖಾತ್ರಿಪಡಿಸಿದರು. ಕೊನೆಯ ಎರಡು ಕಾಲಂ ಇಲ್ಲದ ಪಟ್ಟಿಯನ್ನು ಐಟಿ ಮುಟ್ಟಲೇಬಾರದು. 3ರಂದು ಬಂದದ್ದು ಮಂಡಳಿಯ ಶಿಫಾರಸು. ಕಾನೂನಿನ ಪಠ್ಯ, ಅಂದರೆ ದರದ ಅಧಿಸೂಚನೆ 9/2025, ಬಂದದ್ದು ಸೆಪ್ಟೆಂಬರ್ 17ಕ್ಕೆ. ಪತ್ರಿಕಾ ಪ್ರಕಟಣೆ ನೋಡಿ ಮಾಡಿದ ಪಟ್ಟಿಯನ್ನು ‘ತಾತ್ಕಾಲಿಕ’ ಎಂದೇ ಇಟ್ಟುಕೊಂಡು, 17ರ ನಂತರ ಸಾಲುಸಾಲಾಗಿ ತಾಳೆ ನೋಡಲು ಎರಡು ದಿನ ಮೀಸಲಿಡಬೇಕಿತ್ತು. ಇಲ್ಲಿ ಎಡವುವುದು ಸುಲಭ. ಸ್ನಾನದ ಸೋಪಿನ ಬಿಲ್ಲೆ ಶೇ 18ರಿಂದ ಶೇ 5ಕ್ಕೆ ಇಳಿಯಿತು, ದ್ರವರೂಪದ ಹ್ಯಾಂಡ್‌ವಾಶ್ ಶೇ 18ರಲ್ಲೇ ಉಳಿಯಿತು. ಟೂತ್‌ಪೇಸ್ಟ್ ಇಳಿಯಿತು, ಮೌತ್‌ವಾಶ್ ಇಳಿಯಲಿಲ್ಲ. ಈಗ ಹಬ್ಬಕ್ಕೆಂದು ಮೂರು ಸೋಪಿನ ಬಿಲ್ಲೆ, ಒಂದು ಹ್ಯಾಂಡ್‌ವಾಶ್ ಸೇರಿಸಿ ಒಂದೇ ಬೆಲೆಯ ಕಾಂಬೊ ಪ್ಯಾಕ್ ಮಾಡಿದ್ದೀರಿ ಎನ್ನಿ. ಅದು ಮಿಶ್ರ ಪೂರೈಕೆ. ಒಳಗಿರುವುದರಲ್ಲಿ ಯಾವುದರ ದರ ಹೆಚ್ಚೋ ಆ ದರವೇ ಇಡೀ ಪ್ಯಾಕಿಗೆ. ಮಾರ್ಕೆಟಿಂಗ್‌ನವರು ಮೊದಲೇ ಕಟ್ಟಿಸಿಟ್ಟ ಕಾಂಬೊಗಳನ್ನು ಪಟ್ಟಿಗೆ ಸೇರಿಸಲು ಮರೆತರೆ ಅವು ಶೇ 5ರಲ್ಲಿ ಬಿಲ್ ಆಗಿಬಿಡುತ್ತವೆ, ವ್ಯತ್ಯಾಸವನ್ನು ಕಂಪನಿ ಬಡ್ಡಿಸಮೇತ ತನ್ನ ಕೈಯಿಂದ ಕಟ್ಟಬೇಕಾಗುತ್ತದೆ.

ಆಮೇಲೆ ಬೆಲೆ. ಲೆಕ್ಕ ಸರಳ: ಹಳೆಯ ಎಂಆರ್‌ಪಿಯನ್ನು 100 ಕೂಡಿಸು ಹಳೆಯ ದರದಿಂದ ಭಾಗಿಸಿ, 100 ಕೂಡಿಸು ಹೊಸ ದರದಿಂದ ಗುಣಿಸಬೇಕು. ಕೆಎಂಎಫ್ 22ರಿಂದ ನಂದಿನಿ ತುಪ್ಪವನ್ನು ಲೀಟರಿಗೆ 650 ರೂಪಾಯಿಯಿಂದ 610ಕ್ಕೆ, ಅರ್ಧ ಕೆಜಿ ಬೆಣ್ಣೆಯನ್ನು 305ರಿಂದ 286ಕ್ಕೆ ಇಳಿಸಿತಲ್ಲ, ಅದನ್ನೇ ನೋಡಿ. ಎರಡೂ ಶೇ 12ರಿಂದ ಶೇ 5ಕ್ಕೆ ಬಂದವು. 650ನ್ನು 112ರಿಂದ ಭಾಗಿಸಿ 105ರಿಂದ ಗುಣಿಸಿದರೆ 609.38, 305ಕ್ಕೆ ಅದೇ ಲೆಕ್ಕ ಹಾಕಿದರೆ 285.94. ಪೈಸೆಯನ್ನು ಮೇಲಿನ ಪೂರ್ಣ ರೂಪಾಯಿಗೆ ಏರಿಸಿದರೆ ಅದೇ ಬೆಲೆ. ತೆರಿಗೆ ಪೂರ್ತಿ ಮನ್ನಾ ಆದ ಸರಕಿಗೆ ಮಾತ್ರ ಈ ಸೂತ್ರ ನೇರವಾಗಿ ಕೂರುವುದಿಲ್ಲ. ಮಾರಾಟಕ್ಕೆ ತೆರಿಗೆ ಇಲ್ಲವೆಂದ ಮೇಲೆ ಪ್ಯಾಕಿಂಗ್ ಸಾಮಗ್ರಿ, ಸಾಗಣೆ ಮುಂತಾದವಕ್ಕೆ ಕಟ್ಟಿದ ತೆರಿಗೆಯ ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಮಾರುವಾಗ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ಸಿಗುವುದಿಲ್ಲ, ಅದು ಖರ್ಚಿಗೆ ಸೇರುತ್ತದೆ. ಬೆಲೆ ಎಷ್ಟು ಇಳಿಸಿದಿರಿ, ಯಾಕೆ ಅಷ್ಟೇ ಇಳಿಸಿದಿರಿ ಎಂಬ ಲೆಕ್ಕದ ಹಾಳೆಯನ್ನು ಪ್ರತಿ ಎಸ್‌ಕೆಯುಗೂ ಸಹಿ ಹಾಕಿಸಿ ಅವತ್ತೇ ಫೈಲ್ ಮಾಡಿಡಬೇಕು. ವರ್ಷದ ನಂತರ ಯಾರಾದರೂ ಕೇಳಿದಾಗ ಹೊಸದಾಗಿ ಲೆಕ್ಕ ಕಟ್ಟಲು ಹೊರಟರೆ ಅದನ್ನು ಯಾರೂ ನಂಬುವುದಿಲ್ಲ.

ಕಷ್ಟ ಇರುವುದು ಐದು, ಹತ್ತು ರೂಪಾಯಿಯ ಪೊಟ್ಟಣಗಳಲ್ಲಿ. ಶೇ 18ರಿಂದ ಶೇ 5ಕ್ಕೆ ಬಂದ ಹತ್ತು ರೂಪಾಯಿಯ ಬಿಸ್ಕತ್ತಿನ ಬೆಲೆ 8 ರೂಪಾಯಿ 90 ಪೈಸೆ ಆಗಬೇಕು. ಅಂಗಡಿಯಲ್ಲಿ ಆ ಚಿಲ್ಲರೆ ಎಲ್ಲಿದೆ? ಆದ್ದರಿಂದ ಮಾರಾಟದವರು ಬೆಲೆ ಹತ್ತೇ ಇರಲಿ, ತೂಕ ಹೆಚ್ಚಿಸೋಣ ಎನ್ನುತ್ತಾರೆ. ಸರಿಯಾದ ಮಾತೇ, 100 ಗ್ರಾಂ ಇದ್ದದ್ದು 112.4 ಗ್ರಾಂ ಆದರೆ ಲೆಕ್ಕ ಸರಿಹೋಗುತ್ತದೆ. ಆದರೆ ಆ ಒಂದು ವಾಕ್ಯ ಪ್ಯಾಕೇಜಿಂಗ್ ವಿಭಾಗಕ್ಕೆ ವಾರಗಟ್ಟಲೆ ಕೆಲಸ ತರುತ್ತದೆ. ಎಂಆರ್‌ಪಿ, ಬ್ಯಾಚ್ ನಂಬರ್, ತಯಾರಿಕೆಯ ದಿನಾಂಕ ಇವನ್ನು ಪ್ಯಾಕಿಂಗ್ ಲೈನಿನಲ್ಲೇ ಕೋಡಿಂಗ್ ಯಂತ್ರ ಮುದ್ರಿಸುತ್ತದೆ, ಬದಲಿಸಲು ಕೆಲವು ನಿಮಿಷ ಸಾಕು. ನಿವ್ವಳ ತೂಕ ಬಹಳ ಕಡೆ ಫಿಲಂ ರೋಲಿನ ಮೇಲೆಯೇ ಅಚ್ಚಾಗಿ ಬಂದಿರುತ್ತದೆ. ಆ ರೋಲು ಅಚ್ಚಾಗುವುದು ಗ್ರೇವ್ಯೂರ್ ಎಂಬ ಕೆತ್ತಿದ ಮುದ್ರಣ ಸಿಲಿಂಡರುಗಳಿಂದ, ಒಂದೊಂದು ಬಣ್ಣಕ್ಕೆ ಒಂದೊಂದು ಸಿಲಿಂಡರ್. ತೂಕದ ಅಂಕಿ ಮಾತ್ರ ಬದಲಾದರೆ ಆ ಅಕ್ಷರಗಳಿರುವ ಒಂದು ಸಿಲಿಂಡರ್ ಹೊಸದಾಗಿ ಕೆತ್ತಿಸಿದರೆ ಆಯಿತು. ತೂಕ ಹೆಚ್ಚಿ ಪೊಟ್ಟಣದ ಉದ್ದವೂ ಹೆಚ್ಚಿದರೆ ಸಿಲಿಂಡರಿನ ಸುತ್ತಳತೆಯೇ ಬದಲಾಗಬೇಕು, ಅಂದರೆ ಎಲ್ಲ ಬಣ್ಣದ ಸಿಲಿಂಡರುಗಳೂ ಹೊಸವು. ಉದ್ದ ಹೆಚ್ಚಿದ ಪೊಟ್ಟಣ ಹಳೆಯ ಕಾರ್ಟನ್‌ನಲ್ಲಿ ಅಷ್ಟೇ ಸಂಖ್ಯೆಯಲ್ಲಿ ಹಿಡಿಯುವುದಿಲ್ಲ. ಕಾರ್ಟನ್ ಬದಲಾದರೆ ಪ್ಯಾಲೆಟ್ ಮೇಲೆ ಜೋಡಿಸುವ ಲೆಕ್ಕ, ಲಾರಿಯ ಲೋಡು, ಡಿಪೋದ ರ್‍ಯಾಕು, ಸಿಸ್ಟಂನಲ್ಲಿ ಒಂದು ಪೆಟ್ಟಿಗೆಗೆ ಎಷ್ಟು ಎಂಬ ಅಂಕಿ ಎಲ್ಲವೂ ಬದಲಾಗಬೇಕು. ತೂಕ ಹೆಚ್ಚಿಸುವ ಮಾತು ಬಂದ ಕೂಡಲೇ ಪ್ಯಾಕೇಜಿಂಗ್‌ನವರಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಪೊಟ್ಟಣದ ಉದ್ದ ಹೆಚ್ಚುತ್ತದೆಯೇ, ಇಲ್ಲವೇ? ಹೆಚ್ಚುತ್ತದೆ ಎಂದಾದರೆ ಅದು 22ರ ಕೆಲಸವಲ್ಲ, ಎರಡನೇ ಹಂತಕ್ಕೆ ಹಾಕಿ ಬೇರೆ ದಿನಾಂಕ ಕೊಡಬೇಕು. ಅಲ್ಲಿಯವರೆಗೆ ಬೆಲೆಯನ್ನೇ ಇಳಿಸಬೇಕು. ಎರಡೂ ಆಗದೆ ಹಳೆಯ ಬೆಲೆಗೆ ಹಳೆಯ ತೂಕ ಮಾರುವುದು ಗ್ರಾಹಕನಿಗೆ ಮಾಡುವ ಅನ್ಯಾಯ. ಪ್ಯಾಕೇಜಿಂಗ್ ತಡವಾಯಿತು ಎನ್ನುವುದು ಅದಕ್ಕೆ ಸಮಜಾಯಿಷಿಯಾಗದು.

ಈಗಾಗಲೇ ಹಳೆಯ ಎಂಆರ್‌ಪಿ ಹೊತ್ತು ಗೋದಾಮಿನಲ್ಲಿರುವ ಮಾಲಿನ ಪ್ರಶ್ನೆ ಇನ್ನೊಂದು. ಸೆಪ್ಟೆಂಬರ್ 9ಕ್ಕೆ ಗ್ರಾಹಕ ವ್ಯವಹಾರಗಳ ಇಲಾಖೆ, ಹಳೆಯ ಮಾಲಿನ ಮೇಲೆ ಸ್ಟಿಕರ್, ಮುದ್ರೆ ಅಥವಾ ಆನ್‌ಲೈನ್ ಪ್ರಿಂಟಿಂಗ್ ಮೂಲಕ ಹೊಸ ಬೆಲೆ ತೋರಿಸಬಹುದು, ಹಳೆಯ ಎಂಆರ್‌ಪಿ ಮುಚ್ಚಬಾರದು, ಪತ್ರಿಕೆಯಲ್ಲಿ ಜಾಹೀರಾತು ಕೊಡಬೇಕು ಎಂದಿತು. ಸೆಪ್ಟೆಂಬರ್ 18ಕ್ಕೆ ಅದನ್ನು ಸಡಿಲಿಸಿತು: ಜಾಹೀರಾತು ಬೇಡ, ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳಿಗೆ ಸುತ್ತೋಲೆ ಕಳಿಸಿ ತೂಕ, ಅಳತೆ ನೋಡುವ ಕಾನೂನು ಮಾಪನ ಅಧಿಕಾರಿಗಳಿಗೆ ಪ್ರತಿ ಕೊಟ್ಟರೆ ಸಾಕು, ಸ್ಟಿಕರ್ ಹಚ್ಚುವುದು ಐಚ್ಛಿಕ, ಹಳೆಯ ಪ್ಯಾಕಿಂಗ್ ಸಾಮಗ್ರಿಯನ್ನು 2026ರ ಮಾರ್ಚ್ 31ರವರೆಗೆ ಬಳಸಬಹುದು. 9ರಂದೇ ಎಲ್ಲ ಡಿಪೋಗಳಿಗೂ ಸ್ಟಿಕರ್ ಆರ್ಡರ್ ಕೊಟ್ಟವರಿಗೆ ಆ ಖರ್ಚು ವ್ಯರ್ಥವಾಯಿತು. ಸ್ಟಿಕರ್ ಎಂದರೆ ಸಣ್ಣ ಕೆಲಸವಲ್ಲ. ಪೆಟ್ಟಿಗೆಯ ಟೇಪು ಕತ್ತರಿಸಿ, ಒಂದೊಂದೇ ಪೊಟ್ಟಣ ತೆಗೆದು, ಹಳೆಯ ಬೆಲೆ ಕಾಣುವ ಹಾಗೆ ಪಕ್ಕದಲ್ಲಿ ಅಂಟಿಸಿ, ತೂಕ, ಬ್ಯಾಚ್ ನಂಬರ್ ಮುಚ್ಚಿಲ್ಲ ಎಂದು ನೋಡಿ, ಮತ್ತೆ ತುಂಬಿ, ಟೇಪು ಹಾಕಿ, ಪೆಟ್ಟಿಗೆಯ ಹೊರಗಿನ ಲೇಬಲ್ ಕೂಡ ಬದಲಿಸಬೇಕು. ನಿಯಮ ಇನ್ನೂ ಗಟ್ಟಿಯಾಗದ ಹೊತ್ತಿನಲ್ಲಿ ಹಿಂದಕ್ಕೆ ಪಡೆಯಲಾಗದ ಖರ್ಚು ಯಾವುದು, ಪಡೆಯಬಹುದಾದದ್ದು ಯಾವುದು ಎಂದು ಬೇರ್ಪಡಿಸಿಕೊಳ್ಳುವುದು ಯೋಜನೆ ಮಾಡುವವರ ಮುಖ್ಯ ಕೆಲಸ. ಒಂದೆರಡು ಡಿಪೋಗಳಲ್ಲಿ, ಹೆಚ್ಚು ಮಾರಾಟವಾಗುವ ಕೆಲವೇ ಐಟಂಗಳಿಗೆ ಸ್ಟಿಕರ್ ತರಿಸಿ ಉಳಿದದ್ದಕ್ಕೆ ಮುದ್ರಕರಲ್ಲಿ ಜಾಗ ಮಾತ್ರ ಕಾದಿರಿಸುವುದು ಬುದ್ಧಿವಂತಿಕೆ.

ಸುತ್ತೋಲೆಯ ಬಗ್ಗೆ ಒಂದು ಮಾತು. ಮುಂಬೈಯಿಂದಲೋ ಗುರುಗ್ರಾಮದಿಂದಲೋ ಇಂಗ್ಲಿಷಿನಲ್ಲಿ ಬರುವ ನಾಲ್ಕು ಪುಟದ ಸುತ್ತೋಲೆ ಗಂಗಾವತಿಯ ಅಂಗಡಿಯವರಿಗೆ ಉಪಯೋಗಕ್ಕೆ ಬಾರದು. ಅವರಿಗೆ ಬೇಕಾದ್ದು ಕನ್ನಡದಲ್ಲಿ, ಗೋಡೆಗೆ ಅಂಟಿಸುವಂಥ ಒಂದೇ ಹಾಳೆ: ಐಟಂ, ಹಳೆಯ ಬೆಲೆ, ಹೊಸ ಬೆಲೆ, ತಕರಾರಿದ್ದರೆ ಯಾವ ನಂಬರಿಗೆ ಫೋನ್ ಮಾಡಬೇಕು. ಗ್ರಾಹಕ ಸೇವೆಯವರ ಕೈಯಲ್ಲೂ ಅದೇ ಹಾಳೆ ಇರಬೇಕು, ಅದೇ ಆವೃತ್ತಿ. ಇದಕ್ಕೆ ಅನುವಾದ, ಮುದ್ರಣ, ಹಂಚಿಕೆ ಸೇರಿ ನಾಲ್ಕೈದು ದಿನ ಬೇಕು. ಬಹಳಷ್ಟು ಯೋಜನೆಗಳಲ್ಲಿ ಇದಕ್ಕೆ ಒಂದು ಸಾಲೂ ಇರುವುದಿಲ್ಲ.

ಇನ್ನು ಡಿಸ್ಟ್ರಿಬ್ಯೂಟರ್. ಇಡೀ ಬದಲಾವಣೆಯಲ್ಲಿ ಅತಿ ಹೆಚ್ಚು ಪೆಟ್ಟು ಬೀಳುವುದು ಇವರಿಗೆ, ಮೀಟಿಂಗ್ ರೂಮಿನಲ್ಲಿ ಇಲ್ಲದವರೂ ಇವರೇ. ಲೆಕ್ಕ ನೋಡಿ. ಸೆಪ್ಟೆಂಬರ್ 10ಕ್ಕೆ ಅವರು 100 ರೂಪಾಯಿ ಮೂಲಬೆಲೆಯ ಶಾಂಪೂ ಕೊಂಡು 18 ತೆರಿಗೆ ಸೇರಿಸಿ 118 ಕೊಟ್ಟರು. 18 ರೂಪಾಯಿ ಅವರ ಕ್ರೆಡಿಟ್ ಲೆಡ್ಜರಿಗೆ ಬಂತು. 22ರ ನಂತರ ಹತ್ತು ರೂಪಾಯಿ ಲಾಭಕ್ಕೆ, 110ಕ್ಕೆ ಶೇ 5 ಸೇರಿಸಿ 115.50ಕ್ಕೆ ಮಾರಿದರು. ಕಟ್ಟಬೇಕಾದ ತೆರಿಗೆ 5.50, ಅದು ಕ್ರೆಡಿಟ್‌ನಲ್ಲೇ ಕಳೆದು 12.50 ಉಳಿಯಿತು. ಪುಸ್ತಕದಲ್ಲಿ ಹತ್ತು ರೂಪಾಯಿ ಲಾಭ ಇದೆ. ಕೈಯಲ್ಲಿ? 118 ಹೋಗಿ 115.50 ಬಂದಿದೆ. ಉಳಿದ 12.50 ಕರಗುವುದು ಯಾವಾಗ? ಮುಂದಿನ ಪ್ರತಿ ಸುತ್ತಿನಲ್ಲಿ ಕೊಳ್ಳುವಾಗ 5 ರೂಪಾಯಿ ಹೊಸ ಕ್ರೆಡಿಟ್ ಬರುತ್ತದೆ, ಮಾರುವಾಗ 5.50 ಹೋಗುತ್ತದೆ, ಅಂದರೆ ಸುತ್ತಿಗೆ 50 ಪೈಸೆ. 12.50 ತೀರಲು 25 ಸುತ್ತು! ಹದಿನೈದು ದಿನಕ್ಕೊಂದು ಸುತ್ತು ಮಾಲು ಖಾಲಿಯಾಗುತ್ತದೆ ಎಂದರೂ ವರ್ಷ ಕಳೆಯುತ್ತದೆ. ಲಾಭದ ಅಂಶ ಇನ್ನೂ ಕಡಿಮೆ ಇರುವ ಕಡೆ ಇನ್ನೂ ಹೆಚ್ಚು ಕಾಲ. ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲದ ಮೇಲೆ ವ್ಯಾಪಾರ ಮಾಡುವವರಿಗೆ ಇದು ಬರೀ ಲೆಕ್ಕದ ಮಾತಲ್ಲ.

ಈ ಲೆಕ್ಕವನ್ನು ಹಣಕಾಸು ವಿಭಾಗ ಮೊದಲ ದಿನವೇ ಮಾರಾಟ ವಿಭಾಗದ ಮುಂದೆ ಇಡಬೇಕು. ಅದರಿಂದ ಮೂರು ತೀರ್ಮಾನ ತಾನಾಗಿ ಹೊರಡುತ್ತದೆ. ಸೆಪ್ಟೆಂಬರ್ ಟಾರ್ಗೆಟ್ ಇಳಿಸಬೇಕು, ಇಲ್ಲದಿದ್ದರೆ ಇನ್ಸೆಂಟಿವ್‌ಗಾಗಿ ಸೇಲ್ಸ್‌ನವರು ಮಾಲು ತಳ್ಳಿಯೇ ತಳ್ಳುತ್ತಾರೆ. 15ರ ನಂತರ ಡಿಪೋದಿಂದ ಹೊರಡುವ ಮಾಲು ಅಂಗಡಿಗಳಿಗೆ ಆ ವಾರ ಖಾಲಿಯಾಗುವಷ್ಟೇ ಇರಬೇಕು. 22ರ ನಂತರ ಸಿಕ್ಕಿಬಿದ್ದ ಕ್ರೆಡಿಟ್‌ಗೆ ತಕ್ಕಂತೆ ಕೆಲವು ತಿಂಗಳ ಮಟ್ಟಿಗೆ ಸಾಲದ ಅವಧಿ ವಿಸ್ತರಿಸಬೇಕು. ಅತ್ತ ಅಂಗಡಿಯವರೂ ಬೆಲೆ ಇಳಿಯುತ್ತದೆಂದು ಕೊಳ್ಳುವುದನ್ನು ನಿಲ್ಲಿಸಿರುತ್ತಾರೆ. ಹಿಂದೂಸ್ತಾನ್ ಯೂನಿಲಿವರ್‌ನಂಥ ಕಂಪನಿಯೇ ಈ ತಾತ್ಕಾಲಿಕ ಪೆಟ್ಟನ್ನು ಷೇರುಪೇಟೆಗೆ ತಿಳಿಸಬೇಕಾಯಿತು. ಹೇಗಿದ್ದರೂ ಬರದ ಮಾರಾಟಕ್ಕಾಗಿ ಡಿಸ್ಟ್ರಿಬ್ಯೂಟರ್‌ಗೆ ಹೊರೆ ಹೇರುವುದರಲ್ಲಿ ಅರ್ಥವಿಲ್ಲ.

ಸಿಸ್ಟಂನ ಕೆಲಸ ಇದಕ್ಕೆ ಹೋಲಿಸಿದರೆ ಚಿಕ್ಕದು, ಆದರೆ ಸೂಕ್ಷ್ಮ. ಸ್ಯಾಪ್ ಎಂಬ ವ್ಯವಹಾರ ಸಾಫ್ಟ್‌ವೇರ್ ಬಳಸುವ ಕಡೆ ಹಳೆಯ ತೆರಿಗೆ ಕೋಡಿನ ಶೇಕಡಾವನ್ನು ತಿದ್ದಬಾರದು, ತಿದ್ದಿದರೆ ಹಳೆಯ ಬಿಲ್ಲುಗಳ ರಿಟರ್ನ್, ತಿದ್ದುಪಡಿ ಎಲ್ಲ ಕೆಡುತ್ತವೆ. ಕೇಂದ್ರ, ರಾಜ್ಯ, ಅಂತರರಾಜ್ಯ ಜಿಎಸ್‌ಟಿಯ ದರ ಹಿಡಿದಿಡುವ ಜೆಒಸಿಜಿ, ಜೆಒಎಸ್‌ಜಿ, ಜೆಒಐಜಿ ಕಂಡಿಷನ್ ರೆಕಾರ್ಡುಗಳಿಗೆ 21ಕ್ಕೆ ಅವಧಿ ಮುಗಿಸಿ 22ರಿಂದ ಹೊಸ ಕೋಡು, ಹೊಸ ರೆಕಾರ್ಡು ಹಾಕಬೇಕು. ಹೀಗೆ ಮಾಡಿದರೂ ಒಂದು ಬಲೆ ಉಳಿಯುತ್ತದೆ. 19ಕ್ಕೆ ಮಾಡಿದ ಸೇಲ್ಸ್ ಆರ್ಡರಿನಲ್ಲಿ ಹಳೆಯ ದರ ಕೂತಿರುತ್ತದೆ, 23ಕ್ಕೆ ಬಿಲ್ ಹಾಕಿದಾಗ ಅದೇ ದರ ನಕಲಾಗಿ ಬರಬಹುದು. ಡೆಲಿವರಿಯಿಂದ ಬಿಲ್ಲಿಗೆ ವಿವರ ನಕಲಿಸುವ ಸೆಟ್ಟಿಂಗ್ ಆದ ಕಾಪಿ ಕಂಟ್ರೋಲಿನಲ್ಲಿ ಪ್ರೈಸಿಂಗ್ ಟೈಪ್ ‘ಜಿ’ ಇದೆಯೇ ಎಂದು ನೋಡಬೇಕು. ಬೆಲೆ ಹಾಗೇ ಇಟ್ಟು ತೆರಿಗೆಯನ್ನು ಮಾತ್ರ ಹೊಸದಾಗಿ ತೆಗೆದುಕೊಳ್ಳುವುದು ಅದು. ಬಾಕಿ ಆರ್ಡರ್‌ಗಳನ್ನು 20ರ ಸಂಜೆಗೆ ಮುಚ್ಚಿ 22ಕ್ಕೆ ಹೊಸದಾಗಿ ತೆಗೆದುಕೊಳ್ಳುವುದು ಇನ್ನೂ ಸುರಕ್ಷಿತ. ಸೂಪರ್ ಮಾರ್ಕೆಟ್ ಸರಪಳಿಗಳ ಪರ್ಚೇಸ್ ಆರ್ಡರ್‌ಗಳಿಗೂ ಇದೇ ಮಾತು. ಆರ್ಡರಿನಲ್ಲಿ ಒಂದು ಎಂಆರ್‌ಪಿ, ಮಾಲಿನ ಮೇಲೆ ಇನ್ನೊಂದು ಇದ್ದರೆ ಅವರ ಗೋದಾಮಿನ ಗೇಟಿನಲ್ಲೇ ಲಾರಿ ವಾಪಸ್.

ಯಾವ ಬಿಲ್ಲಿಗೆ ಯಾವ ದರ ಎಂಬ ಗೊಂದಲಕ್ಕೆ ಸಿಜಿಎಸ್‌ಟಿ ಕಾಯ್ದೆಯ 14ನೇ ಸೆಕ್ಷನ್ ಉತ್ತರ ಕೊಡುತ್ತದೆ. ಪೂರೈಕೆ, ಬಿಲ್ಲು, ಹಣ ಸಂದಾಯ ಈ ಮೂರರಲ್ಲಿ ಎರಡು ಯಾವ ಕಡೆಗೆ ಬೀಳುತ್ತವೋ ಆ ಕಡೆಯ ದರ ಎಂದು ಡಿಪೋದವರಿಗೆ ಹೇಳಿಕೊಟ್ಟರೆ ನೆನಪಿರುತ್ತದೆ. 21ರೊಳಗೆ ಬಿಲ್ಲಾಗಿ ದಾರಿಯಲ್ಲಿರುವ ಲಾರಿಯ ಇ-ವೇ ಬಿಲ್ (ಸರಕು ಸಾಗಣೆಯ ಆನ್‌ಲೈನ್ ಪತ್ರ) ರದ್ದುಮಾಡಿ ಹೊಸದು ಮಾಡಬೇಕಿಲ್ಲ ಎಂದು ಸರ್ಕಾರವೇ ಸ್ಪಷ್ಟಪಡಿಸಿತ್ತು. ಇದನ್ನು ಚಾಲಕರವರೆಗೆ ತಲುಪಿಸದಿದ್ದರೆ ಅವರು ತಪಾಸಣೆಗೆ ಹೆದರಿ ದಾರಿಯಲ್ಲೇ ನಿಲ್ಲುತ್ತಾರೆ.

21, ಭಾನುವಾರ ರಾತ್ರಿಯ ಕ್ರಮ ಹೀಗಿದ್ದರೆ ಒಳ್ಳೆಯದು. ಸಂಜೆ ಆರಕ್ಕೆ ಎಲ್ಲ ಡಿಪೋಗಳಲ್ಲಿ ಬಿಲ್ಲಿಂಗ್ ಬಂದ್. ಎಂಟಕ್ಕೆ ಬಾಕಿ ಇ-ಇನ್‌ವಾಯ್ಸ್‌ಗಳ ಐಆರ್‌ಎನ್ (ಸರ್ಕಾರಿ ಪೋರ್ಟಲ್ ಕೊಡುವ ಬಿಲ್ ನೋಂದಣಿ ಸಂಖ್ಯೆ) ಎಲ್ಲ ಬಂದಿದೆಯೇ ಎಂದು ತಾಳೆ. ಅಲ್ಲಿಂದ ಡಿಸ್ಟ್ರಿಬ್ಯೂಟರ್‌ಗಳ ಸಾಫ್ಟ್‌ವೇರ್‌ಗೆ ಹೊಸ ಬೆಲೆ ಕಳಿಸುವುದು, ಸೇಲ್ಸ್‌ಮನ್‌ಗಳ ಮೊಬೈಲ್ ಆ್ಯಪ್ ಸಿಂಕ್ ಆಗಿದೆಯೇ ಎಂದು ಎಣಿಸುವುದು. ಸಿಂಕ್ ಆಗದ ಮೊಬೈಲ್ ಹಿಡಿದು ಸೋಮವಾರ ಬೆಳಿಗ್ಗೆ ರೂಟಿಗೆ ಹೋದವರು ದಿನವಿಡೀ ಹಳೆಯ ಬೆಲೆಗೆ ಆರ್ಡರ್ ಬರೆದುಕೊಂಡು ಬರುತ್ತಾರೆ. ಹನ್ನೆರಡು ದಾಟಿದ ಮೇಲೆ ಪರೀಕ್ಷಾ ಬಿಲ್ಲುಗಳು: ಪ್ರತಿ ದರಕ್ಕೊಂದು ರಾಜ್ಯದೊಳಗಿನದು, ಒಂದು ಹೊರರಾಜ್ಯದ್ದು, ಒಂದು ಶಾಖಾ ವರ್ಗಾವಣೆ, ಒಂದು ಕಾಂಬೊ, ಒಂದು ರಿಟರ್ನ್. ತೆರಿಗೆಯವರು ಕಣ್ಣಾರೆ ನೋಡಿ ಒಪ್ಪಿದ ಮೇಲೆಯೇ ಡಿಪೋ ತೆರೆಯಬೇಕು. ತಪ್ಪು ಸಿಕ್ಕಿದರೆ ಹಿಂದಿನ ಸ್ಥಿತಿಗೆ ಮರಳುವ ದಾರಿ ಇಲ್ಲಿಲ್ಲ, ಹಳೆಯ ದರ ಕಾನೂನಿನಲ್ಲೇ ಇಲ್ಲ. ಹಾಗಾಗಿ ಪರ್ಯಾಯ ಯೋಜನೆ ಎಂದರೆ ಪರೀಕ್ಷೆಯಲ್ಲಿ ಗೆದ್ದ ಐಟಂಗಳಿಗಷ್ಟೇ ಬಿಲ್ಲಿಂಗ್ ತೆರೆದು ಉಳಿದದ್ದನ್ನು ತಡೆಹಿಡಿಯುವುದು. ಅದನ್ನು ಯಾರು ತೀರ್ಮಾನಿಸುತ್ತಾರೆ, ಅವರು ಸಿಗದಿದ್ದರೆ ಯಾರು ಎಂದು ಮೊದಲೇ ಬರೆದಿಟ್ಟಿರಬೇಕು. ಐಆರ್‌ಎನ್ ರದ್ದುಮಾಡಲು ಇರುವುದು 24 ಗಂಟೆ; ತಪ್ಪು ಮಂಗಳವಾರ ಸಂಜೆ ಗೊತ್ತಾದರೆ ಸೋಮವಾರ ಬೆಳಗಿನ ಬಿಲ್ಲುಗಳಿಗೆಲ್ಲ ಕ್ರೆಡಿಟ್ ನೋಟ್ (ಬಿಲ್ಲಿನ ಮೊತ್ತ ಕಡಿಮೆ ಮಾಡುವ ಪತ್ರ) ಬರೆಯುತ್ತ ಕೂರಬೇಕು.

ಮೊದಲ ವಾರ ಅತಿ ಹೆಚ್ಚು ತಪ್ಪಾಗುವುದು ರಿಟರ್ನ್‌ಗಳಲ್ಲಿ. ಆಗಸ್ಟ್‌ನಲ್ಲಿ ಶೇ 18ಕ್ಕೆ ಮಾರಿದ ಮಾಲು ಅಕ್ಟೋಬರ್‌ನಲ್ಲಿ ವಾಪಸ್ ಬಂದರೆ ಕ್ರೆಡಿಟ್ ನೋಟ್ ಕೂಡ ಶೇ 18ರಲ್ಲೇ ಆಗಬೇಕು. ಮೂಲ ಬಿಲ್ಲಿನ ನಂಬರ್ ಹಾಕದೆ ರಿಟರ್ನ್ ಆರ್ಡರ್ ಮಾಡಿದರೆ ಸಿಸ್ಟಂ ಇವತ್ತಿನ ಶೇ 5 ಹಿಡಿಯುತ್ತದೆ. ಡಿಸ್ಟ್ರಿಬ್ಯೂಟರ್ 118 ಕೊಟ್ಟು ಕೊಂಡ ಮಾಲಿಗೆ 105 ವಾಪಸ್! 22ರಿಂದ ಮೂಲ ಬಿಲ್ಲಿನ ಉಲ್ಲೇಖವಿಲ್ಲದ ರಿಟರ್ನ್ ಆಗದಂತೆ ಸಿಸ್ಟಂನಲ್ಲೇ ತಡೆ ಹಾಕುವುದೊಂದೇ ಇದಕ್ಕೆ ಪರಿಹಾರ. ಸರ್ಕಾರಕ್ಕೆ ಸಲ್ಲಿಸುವ ಸೆಪ್ಟೆಂಬರ್ ತಿಂಗಳ ಮಾರಾಟ ವಿವರ ಜಿಎಸ್‌ಟಿಆರ್-1ರಲ್ಲೂ ಒಂದೇ ಎಚ್‌ಎಸ್‌ಎನ್ ಎರಡು ದರಗಳಲ್ಲಿ, ಎರಡು ಸಾಲುಗಳಾಗಿ ಬರಬೇಕು. ರಿಪೋರ್ಟ್ ಮಾಡುವ ಪ್ರೋಗ್ರಾಂ ಎಚ್‌ಎಸ್‌ಎನ್ ಒಂದರ ಮೇಲೆ ಮೊತ್ತ ಕೂಡಿಸುವಂತೆ ಬರೆದಿದ್ದರೆ ಅದನ್ನೂ ತಿದ್ದಬೇಕು.

ಹಳೆಯ ಫಿಲಂ ಬಳಸಲು ಮಾರ್ಚ್ 31ರವರೆಗೆ ಅವಕಾಶ ಕೊಟ್ಟದ್ದರಿಂದ ಒಂದೇ ಬಾರ್‌ಕೋಡಿನ ಎರಡು ಎಂಆರ್‌ಪಿಯ ಮಾಲು ತಿಂಗಳುಗಟ್ಟಲೆ ಅಕ್ಕಪಕ್ಕ ಇರುತ್ತದೆ. ಆದ್ದರಿಂದ 22ಕ್ಕೆ ತಂಡವನ್ನು ಚದುರಿಸಬಾರದು. ಎಂಆರ್‌ಪಿ ಪ್ರಕಾರ ಸ್ಟಾಕ್ ಎಷ್ಟು ಉಳಿದಿದೆ ಎಂಬ ವಾರದ ವರದಿ ಡಿಪೋ ಮತ್ತು ಡಿಸ್ಟ್ರಿಬ್ಯೂಟರ್ ಎರಡೂ ಕಡೆಯಿಂದ ಬರುತ್ತಿರಬೇಕು. ಬದಲಾವಣೆಯ ಹೊತ್ತಿಗೆಂದು ಕೊಟ್ಟ ವಿಶೇಷ ಅನುಮತಿಗಳು, ಅಂದರೆ ಕೈಯಿಂದ ಬೆಲೆ ತಿದ್ದುವುದು, ತಡೆಯಿಲ್ಲದೆ ಕ್ಲೇಮ್ ಪಾಸ್ ಮಾಡುವುದು ಇವನ್ನು ಅಕ್ಟೋಬರ್ ಮುಗಿಯುವುದರೊಳಗೆ ಹೆಸರು ಹಿಡಿದು ಹಿಂಪಡೆಯಬೇಕು. ಮುಂದಿನ ವರ್ಷದ ಆಡಿಟ್‌ನಲ್ಲಿ ಪ್ರಶ್ನೆ ಏಳುವುದು ಮೊದಲು ಇವುಗಳ ಮೇಲೆಯೇ.